ಬೆನ್ನ ಹಿಂದಿನ ಎರಡು ಪೆಟ್ಟಿಗೆ

ಕಡಲಾಚೆಯ ಒಂದು ಕಾರ್ಖಾನೆಯಲ್ಲಿ ನನ್ನ ಕಪ್ಪು ಮುಚ್ಚಳವನ್ನು ಬಿಗಿದ ಹೆಂಗಸು ಬೆನ್ನಿಗೊಂದು ಚೀಟಿ ಅಂಟಿಸಿ, ತಿರುಗಿ ನೋಡದೆ ನನ್ನನ್ನು ಮುಂದಕ್ಕೆ ತಳ್ಳಿದಳು. ಅವಳ ಹಿಂದೆ ನನ್ನಂಥವು ಇನ್ನೂ ಸಾಲುಗಟ್ಟಿ ನಿಂತಿದ್ದವು. ಹುಟ್ಟಿದ ದಿನದ ನೆನಪು ನನಗಿರುವುದು ಅಷ್ಟೇ.

ನಾನು ಆಂಪ್ಲಿಫೈಯರ್. ಒಂದೇ ತಂತಿಯಲ್ಲಿ ಗಂಟು ಕಟ್ಟಿಕೊಂಡು ಬರುವ ಧ್ವನಿಯನ್ನು ಬಿಚ್ಚಿ ಎಂಟು ಸ್ಪೀಕರ್ ಪೆಟ್ಟಿಗೆಗಳಿಗೆ ಹಂಚುವುದು ನನ್ನ ಕಸುಬು. ಮುಂದೆ ಮೂರು, ಎಡಕ್ಕೊಂದು, ಬಲಕ್ಕೊಂದು, ಗುಡುಗಿನಂಥ ದಪ್ಪ ಸದ್ದಿಗೆ ಮೂಲೆಯಲ್ಲೊಂದು, ಕೇಳುವವರ ಬೆನ್ನ ಹಿಂದೆ ಎರಡು. ಈ ಎಂಟರಲ್ಲಿ ಒಂದು ಕಡಿಮೆಯಾದರೂ ನನಗೆ ಕೈಬೆರಳು ಮಡಚಿ ಕಟ್ಟಿದ ಹಾಗಾಗುತ್ತದೆ.

ಹುಬ್ಬಳ್ಳಿಯ ಅಂಗಡಿಯೊಂದರ ಗಾಜಿನ ಕೋಣೆಯಲ್ಲಿ ನಾನು ಎರಡು ವರ್ಷ ಇದ್ದೆ. ಬಂದವರಿಗೆಲ್ಲ ಅದೇ ಒಂದು ಬಾಂಬು ಸಿಡಿಯುವ ದೃಶ್ಯ ಹಾಕಿ ತೋರಿಸುತ್ತಿದ್ದರು, ಅದೂ ಹಿಂದಿನ ಎರಡು ಪೆಟ್ಟಿಗೆ ಜೋಡಿಸದೆ. ಆಮೇಲೆ ವಿದ್ಯಾನಗರದ ಹಲ್ಲಿನ ಡಾಕ್ಟರೊಬ್ಬರು ಕೊಂಡುಹೋದರು. ಅವರ ಮನೆಯ ಸೋಫಾ ಗೋಡೆಗೆ ಆತುಕೊಂಡಿತ್ತು. ಹಿಂದೆ ಪೆಟ್ಟಿಗೆ ಇಡಲು ಜಾಗವಿರಲಿಲ್ಲ. ಏಳು ವರ್ಷ ನಾನು ಅಲ್ಲಿ ಟಿವಿಯ ವಾರ್ತೆ ಓದಿದೆ. ವಾರ್ತೆಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಹಿಂದಿನ ಪೆಟ್ಟಿಗೆಗಳ ತಂತಿ ಸೇರಬೇಕಾದ ನನ್ನ ಬೆನ್ನಿನ ಎರಡು ತೂತುಗಳಿಗೆ ಜೇಡ ಬಲೆ ಕಟ್ಟಿತು. ಕೊನೆಗೆ ಡಾಕ್ಟರ ಮನೆಗೆ ಗೋಡೆಗೆ ಅಂಟಿಸುವ ಉದ್ದನೆಯ ಹೊಸ ಸ್ಪೀಕರ್ ಬಂತು. ನಾನು ದುರ್ಗದಬೈಲಿನ ಪೋತದಾರ ಎಂಬವರ ರಿಪೇರಿ ಅಂಗಡಿಯ ಮೇಲಿನ ಹಲಗೆ ಸೇರಿದೆ. ಒಂದು ಪಕ್ಕದಲ್ಲಿ ಸುಟ್ಟ ಮಿಕ್ಸರ್, ಇನ್ನೊಂದು ಪಕ್ಕದಲ್ಲಿ ರೆಕ್ಕೆ ಬಾಗಿದ ಫ್ಯಾನ್. ಕೆಳಗೆ ದಿನವೂ ಜನ ಬರುತ್ತಿದ್ದರು. ಯಾರೂ ತಲೆಯೆತ್ತಿ ನನ್ನತ್ತ ನೋಡುತ್ತಿರಲಿಲ್ಲ.

ಹಾಗೆ ತಲೆಯೆತ್ತಿ ನೋಡಿದವರು ರಾಚಪ್ಪನವರು. ಧಾರವಾಡದ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದು ನಿವೃತ್ತರಾದವರು. ಅರವತ್ತೆಂಟರ ಆಸುಪಾಸು, ತೆಳ್ಳನೆಯ ಮೈ, ಕಿಸೆಯಲ್ಲಿ ಸದಾ ಒಂದು ಟೆಸ್ಟರ್. ಬಿಡಿಭಾಗಕ್ಕೆಂದು ಆ ಅಂಗಡಿಗೆ ಮೂವತ್ತು ವರ್ಷದಿಂದ ಬರುತ್ತಿದ್ದರಂತೆ.

"ಪೋತದಾರ, ಇದರಾಗ ಎಂಟೂ ದಾರಿ ಜೀವಂತ ಅದಾವೇನು?"

"ಅದಾವ್ರಿ ಸರ. ಹಿಂದಿನ ಎರಡಂತೂ ಯಾರೂ ಮುಟ್ಟೇ ಇಲ್ಲ. ಆದ್ರ ನಿಮಗ್ಯಾಕ್ರಿ ಇದು? ರೇಡಿಯೋ ಬಿಟ್ರ ಬ್ಯಾರೆ ಏನೂ ಕೇಳಂಗಿಲ್ಲ ಅಂತಿದ್ರಿ."

"ನನ್ನ ತಮ್ಮ ಒಂದು ಪಿಕ್ಚರ್ ಕಳಿಸ್ಯಾನ. ಎಂಟು ಪೆಟಿಗ್ಯಾಗ ಕೇಳಬೇಕಂತ ಅದನ್ನ."

"ನೀಲಕಂಠಣ್ಣ? ಚೊಲೋ ಆತ್ ಬಿಡ್ರಿ. ಅಂತೂ ಮಾತು ಸುರು ಆದಂಗಾತು."

ರಾಚಪ್ಪನವರು ನನ್ನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. "ಅಂವ ಹೋಗಿ ನಲವತ್ತು ದಿನ ಆತು," ಅಂದರು.

ಪೋತದಾರರು ಹಳೆಯ ಗೋಣಿತಟ್ಟು ಸುತ್ತಿ ನನ್ನನ್ನು ಆಟೋದವರೆಗೆ ತಾವೇ ಹೊತ್ತು ತಂದರು.

ಧಾರವಾಡದ ಸಪ್ತಾಪುರದಲ್ಲಿದ್ದ ರಾಚಪ್ಪನವರ ಮನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಹೆಂಡತಿ ಗಿರಿಜಾಬಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ರಾಚಪ್ಪನವರಿಗೆ ಒಬ್ಬರೇ ಇದ್ದೂ ಇದ್ದೂ, ಮನಸ್ಸಿನೊಳಗೆ ಆಡುವ ಮಾತನ್ನು ಬಾಯಿಬಿಟ್ಟು ಆಡುವುದು ರೂಢಿಯಾಗಿಬಿಟ್ಟಿತ್ತು. ಅವರ ಕತೆ ನನಗೆ ತಿಳಿದದ್ದು ಹೀಗೆಯೇ, ಚೂರು ಚೂರಾಗಿ.

ಅಣ್ಣತಮ್ಮ ಇಬ್ಬರೂ ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿದವರು. ತಂದೆ ಈರಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದವರು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು, ಕಾಲಡಿಯ ಹಲಗೆ ತುಳಿಯುತ್ತ, ಕೈಯಲ್ಲಿ ಲಾಳಿ ಎಸೆಯುವ ಮಗ್ಗ ಅದು. ರಾಚಪ್ಪ ದೊಡ್ಡವರು, ಇಪ್ಪತ್ತೊಂದಕ್ಕೆ ನೌಕರಿ ಸಿಕ್ಕು ಧಾರವಾಡಕ್ಕೆ ಬಂದರು. ಹನ್ನೊಂದು ವರ್ಷ ಚಿಕ್ಕವನಾದ ನೀಲಕಂಠ ತಂದೆಯ ಜೊತೆ ಉಳಿದ. ಮುಂದೆ ಅವನು ಚೆನ್ನೈಗೆ ಹೋಗಿ ಸಿನಿಮಾಗಳಿಗೆ ಧ್ವನಿ ಕೂಡಿಸುವ ಕೆಲಸ ಹಿಡಿದ.

ತಂದೆ ತೀರಿದ ಮೇಲೆ ಬೆಟಗೇರಿಯ ಮನೆಯಲ್ಲಿ ಮಗ್ಗವೊಂದೇ ಉಳಿಯಿತು. ರಾಚಪ್ಪನವರು ಮನೆಯನ್ನು ಬಾಡಿಗೆಗೆ ಕೊಡಬೇಕೆಂದು ಮಗ್ಗದ ಕಟ್ಟಿಗೆಯನ್ನು ಯಾರಿಗೋ ಕೊಟ್ಟರು, ಕುಣಿಗೆ ಮಣ್ಣು ತುಂಬಿಸಿ ಸಿಮೆಂಟು ಹಾಕಿಸಿದರು. ತಮ್ಮನನ್ನು ಕೇಳಲಿಲ್ಲ. ಕೇಳುವಂಥ ಮಾತು ಇದು ಅಂತ ಅವರಿಗೆ ಅನಿಸಿರಲೇ ಇಲ್ಲ. ಮರುತಿಂಗಳು ನೀಲಕಂಠ ರೆಕಾರ್ಡಿಂಗ್ ಯಂತ್ರ ಹೊತ್ತುಕೊಂಡು ಬಂದ. ಓಣಿಯ ನೇಕಾರರೊಬ್ಬರನ್ನು ಕೂರಿಸಿ ಆ ಮಗ್ಗದ ಸಪ್ಪಳ ಹಿಡಿದಿಟ್ಟುಕೊಳ್ಳಬೇಕೆಂದು ಅವನ ಮನಸ್ಸಿನಲ್ಲಿತ್ತು. ನೆಲ ನುಣ್ಣಗೆ ಹೊಳೆಯುತ್ತಿತ್ತು.

"ಅಣ್ಣಾ, ಮಗ್ಗ ಎಲ್ಲೈತಿ?"

"ಗೆದ್ದಲ ಹಿಡಿದಿತ್ತು. ಕೊಟ್ಟುಬಿಟ್ಟೆ."

ನೀಲಕಂಠ ಚಪ್ಪಲಿ ಕೂಡ ಬಿಚ್ಚದೆ ಹೊರಟುಹೋದ. ಆಮೇಲೆ ಹದಿಮೂರು ವರ್ಷ ಮಾತಿಲ್ಲ. ಪತ್ರವಿಲ್ಲ. ಗಿರಿಜಾಬಾಯಿ ಸತ್ತಾಗಲೂ ಅವನು ಬರಲಿಲ್ಲ. ರಾಚಪ್ಪನವರೂ ತಿಳಿಸಿರಲಿಲ್ಲ.

ಈಗ ಅವನ ಸಹಾಯಕಿ ಸೆಲ್ವಿ ಎಂಬವಳು ಚೆನ್ನೈಯಿಂದ ಅಂಚೆಯಲ್ಲಿ ಒಂದು ಡಿಸ್ಕು ಕಳಿಸಿದ್ದಳು. ನೇಕಾರರ ಮನೆಯೊಂದರ ಕತೆಯ ಸಿನಿಮಾ. ತೆರೆ ಕಾಣಲೇ ಇಲ್ಲ. ನೀಲಕಂಠ ಕೈಯಾಡಿಸಿದ ಕೊನೆಯ ಕೆಲಸ ಅದು. ಜೊತೆಗಿದ್ದ ಪತ್ರವನ್ನು ರಾಚಪ್ಪನವರು ನನ್ನನ್ನು ಮೇಜಿನ ಮೇಲಿಟ್ಟ ದಿನ ಇನ್ನೊಮ್ಮೆ ಗಟ್ಟಿಯಾಗಿ ಓದಿದರು. "ಎಂಟೂ ಪೆಟ್ಟಿಗೆಯಲ್ಲಿ ಅಣ್ಣನಿಗೆ ಕೇಳಿಸಬೇಕು, ಎರಡಕ್ಕೆ ಮಡಚಿ ಕೇಳಬಾರದು ಎಂದು ಸರ್ ಹೇಳಿದ್ದರು. ನಲವತ್ತೊಂದನೆಯ ನಿಮಿಷ. ನೀವು ಏನು ಹೇಳುತ್ತೀರೋ ಅದನ್ನು ಬರೆದಿಟ್ಟುಕೊಳ್ಳಲು ನನಗೆ ಹೇಳಿದ್ದಾರೆ."

ಓದಿ, ಕನ್ನಡಕ ತೆಗೆದು, "ಮನಷ್ಯಾಗ ಇರೂವು ಎರಡ ಕಿವಿ, ಎಂಟು ಪೆಟಿಗಿ ಯಾಕೋ ಅಂತ ನಾನ ಅಂವನ್ನ ಚಾಷ್ಟಿ ಮಾಡತಿದ್ದೆ," ಅಂದರು. ಕೋಣೆಯಲ್ಲಿ ಕೇಳುವವನು ನಾನೊಬ್ಬನೇ.

ಡಾಕ್ಟರ ಮನೆಯಿಂದ ನನ್ನ ಜೊತೆ ಬಂದದ್ದು ಹಿಂದಿನ ಎರಡನ್ನು ಬಿಟ್ಟು ಉಳಿದ ಪೆಟ್ಟಿಗೆಗಳು. ಆ ಎರಡನ್ನು ರಾಚಪ್ಪನವರು ಪ್ಲೈವುಡ್ ಕತ್ತರಿಸಿ ತಾವೇ ಮಾಡಿದರು. ಹಿಂದಿನ ಗೋಡೆಗೆ ಸ್ಟೂಲು ಹಾಕಿ ಕೂರಿಸಿದರು. ಕೋಣೆಯ ನಟ್ಟನಡುವೆ ಒಂದೇ ಒಂದು ಕುರ್ಚಿ. ನನ್ನ ಬೆನ್ನಿನ ಆ ತೂತುಗಳಿಗೆ ಮೊದಲ ಸಲ ತಂತಿ ಸೇರಿತು.

ಅವರ ಕಂಪ್ಯೂಟರಿನಲ್ಲಿ ಇದ್ದದ್ದು ಲಿನಕ್ಸ್, ಯಾರು ಬೇಕಾದರೂ ಒಳಗೆ ನೋಡಿ ತಿದ್ದಬಹುದಾದ ತಂತ್ರಾಂಶ. ಪಾಲಿಟೆಕ್ನಿಕ್ಕಿನಲ್ಲಿ ಅದನ್ನೇ ಕಲಿಸಿದವರು. ಮುಚ್ಚಳ ತೆಗೆದು ಒಳಗೆ ನೋಡಲು ಬಾರದ ಯಂತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂಬುದು ಅವರ ಹಟ. ಎಚ್‌ಡಿಎಂಐ ಎಂಬ ದಪ್ಪ ತಂತಿಯ ಒಂದು ತುದಿ ಅದಕ್ಕೆ, ಇನ್ನೊಂದು ತುದಿ ನನಗೆ. ಸಿನಿಮಾ ಹಾಕಿದರು. ನನ್ನ ಮುಖದ ಮೇಲಿನ ಪುಟ್ಟ ಗಾಜಿನಲ್ಲಿ "ಎರಡು" ಎಂದು ಬಂತು. ಮುಂದಿನ ಎರಡು ಪೆಟ್ಟಿಗೆ ಮಾತ್ರ ಮಾತಾಡಿದವು.

ತಪ್ಪು ನನ್ನದಲ್ಲ. ತಪ್ಪು ಅಂತ ಅನ್ನುವ ಹಾಗೂ ಇಲ್ಲ. ಆ ಕಂಪ್ಯೂಟರಿನೊಳಗೆ ಧ್ವನಿಗೆಂದೇ ಒಬ್ಬ ದಲ್ಲಾಳಿ ಇರುತ್ತಾನೆ. ಯಾರ ಗಂಟು ಬಂದರೂ ಬಿಚ್ಚಿ, ಎಲ್ಲರ ಸಾಮಾನನ್ನೂ ಒಂದೇ ಅಳತೆಗೆ ತಂದು, ಎರಡು ಮೂಟೆ ಮಾಡಿ ಮುಂದೆ ಸಾಗಿಸುವುದು ಅವನ ಕೆಲಸ. ದಿನನಿತ್ಯದ ಸದ್ದಿಗೆ ಅದು ಅನುಕೂಲವೇ. ಆದರೆ ನೀಲಕಂಠ ಕಟ್ಟಿದ ಗಂಟು ಬಿಚ್ಚದೆ, ಸೀಲು ಒಡೆಯದೆ, ಇದ್ದಂತೆಯೇ ನನ್ನ ಕೈಗೆ ಬರಬೇಕಿತ್ತು. ಬಿಚ್ಚುವವನು ನಾನು.

ರಾಚಪ್ಪನವರು ಮೊದಲು ಬೆಳಕು ಹರಿಯುವ ಸಣ್ಣ ತಂತಿಯೊಂದನ್ನು ಹಾಕಿ ನೋಡಿದರು. ಗಾಜಿನಲ್ಲಿ "ಡಿಟಿಎಸ್" ಎಂದು ನೀಲಕಂಠನ ಗಂಟಿನ ಹೆಸರು ಬಂತು. ಅವರ ಮುಖ ಅರಳಿತು. ಆದರೆ ಆ ತಂತಿಯ ದಾರಿ ಕಿರಿದು. ಗಂಟಿನ ತಿರುಳಷ್ಟೇ ಅದರಲ್ಲಿ ನುಸುಳುತ್ತದೆ. ಹಿಂದಿನ ಎರಡು ಪೆಟ್ಟಿಗೆಗಳ ಸದ್ದು ಪಕ್ಕದವುಗಳೊಳಗೆ ಬೆರೆತು ಬರುತ್ತದೆ. ನಲವತ್ತೊಂದನೆಯ ನಿಮಿಷದಲ್ಲಿ ಗುಬ್ಬಿಗಳ ಚಿಲಿಪಿಲಿ, ಓಣಿಯ ಸೈಕಲ್ಲು, ಪಕ್ಕದ ಮನೆಯ ಪಾತ್ರೆ, ಇವೆಲ್ಲದರ ಅಡಿಯಲ್ಲಿ ಎಲ್ಲೋ ಏನೋ ಬಡಿದ ಹಾಗೆ ಕೇಳಿತು. ಏನೆಂದು ತಿಳಿಯಲಿಲ್ಲ. ರಾಚಪ್ಪನವರು ಎದ್ದು ಹೋಗಿ ಹಿಂದಿನ ಪೆಟ್ಟಿಗೆಗೆ ಕಿವಿ ಹಚ್ಚಿದರು. ಅದು ಕಲ್ಲಿನ ಹಾಗೆ ಸುಮ್ಮನಿತ್ತು.

ಮತ್ತೆ ದಪ್ಪ ತಂತಿಗೆ ಬಂದರು. ಬೆಳಿಗ್ಗೆ ಎದ್ದು ಚಹಾ ಕುಡಿದು ಕೂತರೆ ಮಧ್ಯಾಹ್ನ ಅನ್ನ ಆರಿ ತಣ್ಣಗಾಗುವವರೆಗೆ ಅದೇ ಕೆಲಸ. ಮೊದಲು ಆ ದಲ್ಲಾಳಿಯನ್ನು ಅಂಗಡಿ ಮುಚ್ಚಿಸಿ ಮನೆಗೆ ಕಳಿಸಿದರು. ಗಂಟು ಬಿಚ್ಚದೆ ಕಳಿಸು ಎಂದು ಸಿನಿಮಾ ತೋರಿಸುವ ತಂತ್ರಾಂಶಕ್ಕೆ ಅಪ್ಪಣೆ ಕೊಟ್ಟರು. ಆ ದಿನ ನಾನು ಅವರನ್ನು ಹೆದರಿಸಿಬಿಟ್ಟೆ. ಗಂಟೇನೋ ಬಂತು, ಆದರೆ ಮೇಲಿನ ಗುರುತು ತಪ್ಪಿತ್ತು. "ಇದು ಗಂಟಲ್ಲ, ಬಿಡಿ ಧ್ವನಿ" ಎಂದು ಬರೆದಿತ್ತು. ನಾನು ನಂಬಿ, ಒಳಗಿನ ಅಂಕಿಗಳನ್ನೇ ಧ್ವನಿಯೆಂದು ಊದಿಬಿಟ್ಟೆ. ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ ಕೋಣೆ ತುಂಬ ಭೋರ್ಗರೆತ. ರಾಚಪ್ಪನವರು ಎರಡೂ ಕಿವಿ ಮುಚ್ಚಿಕೊಂಡು ಬಂದು ನನ್ನ ಗುಂಡಿ ಒತ್ತಿದರು. ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿ, "ಏನಾತ್ರಿ ಮಾಸ್ತರ?" ಅಂದರು.

"ಏನಿಲ್ರಿ. ನನ್ನ ತಮ್ಮ ಬಯ್ಯಾಕ ಹತ್ಯಾನ," ಅಂದರು ರಾಚಪ್ಪನವರು. ನಗಲಿಲ್ಲ.

ಗುರುತು ಸರಿ ಮಾಡಿದರು. ಆಗ ಏನೂ ಬರಲಿಲ್ಲ. ಚಿತ್ರ, ಧ್ವನಿ ಹೊರಗೆ ಕಳಿಸುವ ಅವರ ಕಂಪ್ಯೂಟರಿನ ಹಳೆಯ ಕಾರ್ಡಿಗೆ ಅಷ್ಟು ದೊಡ್ಡ ಗಂಟು ಹೊರುವ ಕಸುವಿರಲಿಲ್ಲ. ಈ ಗಂಟು ಬರಬೇಕಾದರೆ ತಂತಿಯಲ್ಲಿ ಎಂಟು ದಾರಿ ಒಟ್ಟಿಗೆ ತೆರೆಯಬೇಕು. ಒಂದೊಂದು ದಾರಿಯಲ್ಲೂ ಸೆಕೆಂಡಿಗೆ ಒಂದು ಲಕ್ಷ ತೊಂಬತ್ತೆರಡು ಸಾವಿರ ಹೆಜ್ಜೆ ಬೀಳಬೇಕು. ಹುಬ್ಬಳ್ಳಿಗೆ ಹೋಗಿ ಬೇರೆ ಕಾರ್ಡು ತಂದರು. ಆ ಕಾರ್ಡಿನ ಧ್ವನಿಗೆ ಕಂಪ್ಯೂಟರು ನಾಲ್ಕು ಬಾಗಿಲು ತೋರಿಸಿತು. ನಾನಿದ್ದದ್ದು ಒಂದರ ಆಚೆ ಮಾತ್ರ. ಒಂದೊಂದನ್ನೇ ತಟ್ಟಿದರು. ಮೂರನೆಯ ಬಾಗಿಲಲ್ಲಿ ನಾನು ಓಗೊಟ್ಟೆ. ಆದರೂ ದೊಡ್ಡ ಗಂಟು ಬರಲಿಲ್ಲ. ಕಂಪ್ಯೂಟರು ಎಚ್ಚರಾಗುವಾಗ ನಾನು ನಿದ್ದೆಯಲ್ಲಿರುತ್ತಿದ್ದೆ. ಎಷ್ಟು ಹೊರಬಲ್ಲೆ ಎಂದು ಅದು ಕೇಳಿದಾಗ ಉತ್ತರ ಕೊಡುವವರಿಲ್ಲದೆ, ಇವನಿಂದ ಎರಡೇ ಆಗುವುದೆಂದು ಬರೆದುಕೊಳ್ಳುತ್ತಿತ್ತು. ಇದನ್ನು ಕಂಡುಹಿಡಿಯಲು ಅವರಿಗೆ ಮತ್ತೆ ನಾಲ್ಕು ದಿನ ಹಿಡಿಯಿತು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಹತ್ತೂವರೆ. ಮೊದಲು ನನ್ನನ್ನು ಎಬ್ಬಿಸಿದರು, ಆಮೇಲೆ ಕಂಪ್ಯೂಟರನ್ನು. ನನ್ನ ಗಾಜಿನಲ್ಲಿ "ಡಿಟಿಎಸ್-ಎಚ್‌ಡಿ" ಎಂಬ ಅಕ್ಷರ, ಇಡೀ ಗಂಟಿನ ಗುರುತು, ಮೂಡಿತು. ಅದರ ಕೆಳಗೆ ಎಂಟೂ ಪೆಟ್ಟಿಗೆಗಳ ಪುಟ್ಟ ಚೌಕಗಳು ಬೆಳಗಿದವು. ಹುಟ್ಟಿದ ಮೇಲೆ ಆ ಎಂಟನ್ನೂ ನಾನು ಒಟ್ಟಿಗೆ ಕಂಡಿರಲಿಲ್ಲ.

ರಾಚಪ್ಪನವರು ಕುರ್ಚಿಯಲ್ಲಿ ಕೂತು ನಲವತ್ತೊಂದನೆಯ ನಿಮಿಷಕ್ಕೆ ಹೋದರು.

ತೆರೆಯ ಮೇಲೆ ಒಂದು ನಡುಮನೆ. ಹೆಂಗಸೊಬ್ಬಳು ನೂಲು ಸುತ್ತುತ್ತಿದ್ದಾಳೆ. ಮಾತಿಲ್ಲ. ಮುಂದಿನ ಪೆಟ್ಟಿಗೆಗಳಲ್ಲಿ ಅವಳ ರಾಟೆ, ಪಕ್ಕದವುಗಳಲ್ಲಿ ಓಣಿ. ಆಮೇಲೆ ಬೆನ್ನ ಹಿಂದಿನಿಂದ ಮಗ್ಗದ ಸಪ್ಪಳ ಶುರುವಾಯಿತು. ಈಗ ಅದು ಯಾವುದರೊಂದಿಗೂ ಬೆರೆತಿರಲಿಲ್ಲ. ಹಿಂದಿನ ಗೋಡೆಯ ಹತ್ತಿರ ಯಾರೋ ನಿಜವಾಗಿ ಕೂತು ನೇಯುತ್ತಿರುವ ಹಾಗಿತ್ತು. ಒಂದು ಏಟು ಉದ್ದ, ಒಂದು ಗಿಡ್ಡ. ಖಟಾ... ಖಟ್. ಖಟಾ... ಖಟ್. ನಡುವೆ ಒಮ್ಮೆ ತಡೆದು, ಉಸಿರು ತೆಗೆದುಕೊಂಡಂತೆ ನಿಂತು, ಮತ್ತೆ ಖಟಾ... ಖಟ್.

ನಾಲ್ಕು ನಿಮಿಷ. ರಾಚಪ್ಪನವರು ಮುಗಿದ ಮೇಲೆ ಮತ್ತೊಮ್ಮೆ ಹಾಕಿದರು. ಮೂರನೆಯ ಸಲ ಹಾಕಿ ಅರ್ಧಕ್ಕೇ ನಿಲ್ಲಿಸಿದರು.

"ಇದು ನಮ್ಮಪ್ಪನ ಮಗ್ಗ ಅಲ್ಲ," ಅಂದರು.

ಅವರ ಧ್ವನಿಯಲ್ಲಿ ಸಿಟ್ಟಿತ್ತು. ಹತ್ತೊಂಬತ್ತು ದಿನ ಒದ್ದಾಡಿದ ಸಿಟ್ಟು ಮಾತ್ರ ಅಲ್ಲ. ಈರಪ್ಪನ ಏಟು ಅಂದರೆ ಓಣಿಗೇ ಹೆಸರು. ಗಡಿಯಾರ ಬೇಕಾದರೆ ತಪ್ಪೀತು, ಅವನ ಮಗ್ಗ ತಪ್ಪದು ಅನ್ನುತ್ತಿದ್ದರಂತೆ. ಆ ಸಮನಾದ ಸದ್ದು ಕೇಳುತ್ತಲೇ ರಾಚಪ್ಪ ಮಗ್ಗಿ ಬಾಯಿಪಾಠ ಮಾಡಿದ್ದು. ಇದು ಯಾರದೋ ಕುಂಟು ಮಗ್ಗ.

ಮಧ್ಯಾಹ್ನ ಸೆಲ್ವಿಗೆ ಫೋನ್ ಮಾಡಿದರು. ಫೋನನ್ನು ನನ್ನ ತಲೆಯ ಮೇಲಿಟ್ಟು ಗಟ್ಟಿಯಾಗಿ ಕೇಳುವ ಹಾಗೆ ಮಾಡಿದರು.

"ನನಗ ಕನ್ನಡ ಸ್ವಲ್ಪ ಸ್ವಲ್ಪ ಬರ್ತೈತ್ರಿ," ಅಂದಳು ಆಕೆ. "ಸರ್ ಕಲಿಸಿದ್ರು."

ತಮಿಳಿನ ಹುಡುಗಿಯ ಬಾಯಲ್ಲಿ ಬೆಟಗೇರಿ ಇತ್ತು. ರಾಚಪ್ಪನವರು ಫೋನಿನ ಹತ್ತಿರಕ್ಕೆ ಬಾಗಿದರು. "ಆ ಮಗ್ಗ ಎಲ್ಲಿ ಹಿಡಿದಿದ್ದವ್ವ?"

"ಕಾಂಚೀಪುರಂದಾಗ್ರಿ, ಒಬ್ಬ ನೇಕಾರನ ಮನ್ಯಾಗ. ಆದ್ರ ಅದು ಅಂವ ನೇಯ್ದಂಗ ಇಲ್ರಿ ಈಗ. ಸರ್ ಮೂರು ತಿಂಗಳ ಕುಂತು, ಒಂದೊಂದ ಏಟು ಕತ್ತರಿಸಿ, ಹಿಂದ ಮುಂದ ಸರಿಸಿ ಕೂಡಿಸಿದ್ರು. ಆಸ್ಪತ್ರ್ಯಾಗ ಸೈತ ಲ್ಯಾಪ್‌ಟಾಪ್ ತರಿಸ್ಕೊಂಡಿದ್ರು. ಇನ್ನ ಸರಿ ಆಗಿಲ್ಲ, ಇನ್ನ ಸರಿ ಆಗಿಲ್ಲ ಅಂತಿದ್ರು. ಕಡೀಗೆ ಒಂದಿನ, ಆತು ಅಂದ್ರು. ಸರಿ ಐತೋ ಇಲ್ಲೋ ಹೇಳಾಂವ ಭೂಮಿ ಮ್ಯಾಲೆ ಒಬ್ಬನ ಅದಾನ, ಅಂವಗ ಕೇಳಸು ಅಂದ್ರು."

"ಸರಿ ಐತೇನ್ರಿ?" ಅಂದಳು ಸೆಲ್ವಿ.

ಇಲ್ಲ ಅನ್ನಲು ರಾಚಪ್ಪನವರಿಗೆ ಮನಸ್ಸಾಗಲಿಲ್ಲ. ಹೌದು ಅಂದರೆ ಸುಳ್ಳಾಗುತ್ತಿತ್ತು. "ನಾಕು ದಿನ ಬಿಟ್ಟು ಹೇಳ್ತೀನವ್ವ," ಅಂದು ಇಟ್ಟುಬಿಟ್ಟರು.

ಆ ನಾಲ್ಕು ದಿನ ಅವರು ನನ್ನ ಗುಂಡಿ ಮುಟ್ಟಲಿಲ್ಲ. ಊಟಕ್ಕೆ ಕೂತಾಗ, ಬಟ್ಟೆ ಒಣಹಾಕುವಾಗ ಒಂದೇ ಮಾತು: "ಮೂರು ತಿಂಗಳ ಕುಂತು ತಪ್ಪು ಮಾಡ್ಯಾನಂದ್ರ ಹ್ಯಾಂಗ?" ಐದನೆಯ ದಿನ ಬೆಟಗೇರಿಗೆ ಹೋಗಿ ನಾಗವ್ವನನ್ನು ಕರೆದುಕೊಂಡು ಬಂದರು.

ನಾಗವ್ವ ಎಂಬತ್ತು ದಾಟಿದ ಮುದುಕಿ. ಒಂದು ಕಾಲದಲ್ಲಿ ಈರಪ್ಪನ ಮನೆಯಲ್ಲಿ ಲಾಳಿಗೆ ನೂಲು ಸುತ್ತಿಕೊಡುತ್ತಿದ್ದವಳು. ತಾಯಿ ಬೇಗ ಹೋದ ಆ ಮನೆಯಲ್ಲಿ ಇಬ್ಬರು ಹುಡುಗರಿಗೂ ಆಕೆಯೇ ಚಿಗವ್ವ. ಈಗ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು, ನೆರಳು, ಅಷ್ಟೇ ಕಾಣುತ್ತಿತ್ತು.

"ಇದೇನಪಾ ರಾಚಾ, ಸುತ್ತಕಡೆ ಪೆಟಿಗಿ ಇಟ್ಟೀ," ಅಂದಳು, ಕೈಯಿಂದ ತಡವುತ್ತ.

"ಕುಂಡ್ರು ಚಿಗವ್ವ. ನೀಲೂನ ಪಿಕ್ಚರ್ ಐತಿ."

ಒಂದೇ ಕುರ್ಚಿಯಲ್ಲಿ ಆಕೆಯನ್ನು ಕೂರಿಸಿ ತಾವು ಬಾಗಿಲಿಗೆ ಒರಗಿ ನಿಂತರು. ಮಗ್ಗದ ಮಾತು ಎತ್ತಲಿಲ್ಲ. ಮೊದಲು ರಾಟೆಯ ಸದ್ದು ಬಂತು. ನಾಗವ್ವ ತಲೆದೂಗಿದಳು. ಗುಬ್ಬಿ ಬಂತು, ಸೈಕಲ್ಲು ಹೋಯಿತು. ಆಮೇಲೆ ನಾನು ಹಿಂದಿನ ಎರಡು ಪೆಟ್ಟಿಗೆಗಳಿಗೆ ಅವುಗಳ ಪಾಲು ಕೊಟ್ಟೆ.

ಖಟಾ... ಖಟ್. ಖಟಾ... ಖಟ್.

ನಾಗವ್ವನ ಕೈ ತನ್ನಷ್ಟಕ್ಕೆ ಹೆಗಲಿಗೆ ಹೋಯಿತು. ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಮನೆಯ ಹಿರಿಯನೊಬ್ಬ ಒಳಗೆ ಬಂದಾಗ ಎಳೆದುಕೊಳ್ಳುವ ಹಾಗೆ. ಹಿಂದಕ್ಕೆ ತಿರುಗಲಿಲ್ಲ. ಆ ಮನೆಯಲ್ಲಿ ನೂಲು ಸುತ್ತುವಾಗಲೂ ಆಕೆ ಮಗ್ಗಕ್ಕೆ ಬೆನ್ನು ಮಾಡಿಯೇ ಕೂರುತ್ತಿದ್ದಳಂತೆ. ಸ್ವಲ್ಪ ಹೊತ್ತು ಕೇಳಿ ಮೆಲ್ಲಗೆ ಅಂದಳು: "ಇವತ್ತ ಕಾಲು ಬಾಳ ನೋಯಾಕ ಹತ್ತೇತಿ ಈರಪ್ಪಗ."

ಬಾಗಿಲಿಗೆ ಒರಗಿದ್ದ ರಾಚಪ್ಪನವರು ನೆಟ್ಟಗಾದರು.

"ಚಿಗವ್ವ, ಅಪ್ಪನ ಏಟು ಹಿಂಗ ಇರಲಿಲ್ಲ. ಸಮಾ ಇತ್ತು."

"ಮೊದಲ ಸಮಾ ಇತ್ತು. ನೀ ಧಾರವಾಡಕ್ಕ ಹೋದ ಮರುವರ್ಷ ಅಂವ ಮಾಳಗಿ ಮ್ಯಾಲಿಂದ ಬಿದ್ದನಲ್ಲ. ಎಡಗಾಲು ಕೂಡ್ಲೇ ಇಲ್ಲ ಸರಿಯಾಗಿ. ಆಮ್ಯಾಲೆ ಇಪ್ಪತ್ತು ವರ್ಷ ಹಿಂಗ ನೇಯ್ದ."

"ನಾ ಬರ್ತಿದ್ದೆನಲ್ಲ. ವರ್ಷಾ ವರ್ಷಾ ಬರ್ತಿದ್ದೆ."

"ಹಬ್ಬಕ್ಕ ಬರ್ತಿದ್ದಿ. ಹಬ್ಬದಾಗ ಮಗ್ಗ ನಿಂದರಸ್ತಾರಪಾ."

ಹಿಂದಿನ ಗೋಡೆಯಲ್ಲಿ ಈರಪ್ಪ ಒಮ್ಮೆ ತಡೆದು, ಉಸಿರು ತೆಗೆದುಕೊಂಡು, ಮತ್ತೆ ಶುರುಮಾಡಿದ.

"ನೀಲು ಆ ಸಪ್ಪಳದಾಗ ಮಲಗ್ತಿದ್ದ," ಅಂದಳು ನಾಗವ್ವ. "ಸಪ್ಪಳ ನಿಂತ್ರ ಎದ್ದು ಕುಂಡ್ರತಿದ್ದ, ಅಪ್ಪಗ ಏನಾತೋ ಅಂತ. ಮಗ್ಗ ಇಲ್ಲದ್ದು ನೋಡಿದ ದಿನ ನನ್ನ ಮನೀಗೆ ಬಂದಿದ್ದ ನೋಡು. ನಿನ್ನ ಏನೂ ಬಯ್ಯಲಿಲ್ಲ. ಅಣ್ಣ ಅದನ್ನ ಕೇಳೇ ಇಲ್ಲಲ್ಲ ಚಿಗವ್ವ, ಅಂವಗ ಹ್ಯಾಂಗ ಗೊತ್ತಾಗಬೇಕು ಅಂದ."

"ಹಂಗ ಅಂದನೇನು?"

"ಹಂಗ ಅಂದ."

ದೃಶ್ಯ ಮುಗಿಯಿತು. ನನ್ನ ಹಿಂದಿನ ಎರಡು ಚೌಕಗಳು ಆರಿದವು. ರಾಚಪ್ಪನವರು ಬಂದು ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅರವತ್ತೆಂಟರ ಮನುಷ್ಯ, ಮುದುಕಿಯ ಕಾಲ ಹತ್ತಿರ. ನಾಗವ್ವ ಅವರ ತಲೆಯ ಮೇಲೆ ಕೈ ಇಡಬೇಕೆಂದು ಗಾಳಿಯಲ್ಲಿ ತಡವಿದಳು. ಸಿಕ್ಕಿದ್ದು ಭುಜ. ಅಲ್ಲೇ ಇಟ್ಟಳು.

ಸಂಜೆಯ ಬಸ್ಸಿಗೆ ಆಕೆಯನ್ನು ಕೂರಿಸಿ, ಬೆಟಗೇರಿಯವರೆಗೂ ಹೋಗಿ ಬಿಟ್ಟುಬಂದರು. ಮಾರನೆಯ ಬೆಳಿಗ್ಗೆ ಸೆಲ್ವಿಗೆ ಫೋನ್ ಮಾಡಿದರು.

"ಬರ್ಕೊಳ್ಳವ್ವ," ಅಂದರು. "ಹೇಳಾಂವ ಒಬ್ಬನ ಅದಾನ ಅಂದಿದ್ದನಲ್ಲ, ಆ ಒಬ್ಬಾಂವ ನಾ ಅಲ್ಲ. ಅದು ಅಂವಗೂ ಗೊತ್ತಿತ್ತು, ನಾ ಕೇಳಲಿ ಅಂತ ಹಂಗ ಅಂದಾನ. ಅಪ್ಪನ ಕಾಲು ಮುರಿದ ಮ್ಯಾಲೆ ಆ ಮಗ್ಗ ನಾ ಕೇಳೇ ಇಲ್ಲ. ಕೇಳಿದಾಕಿ ಒಬ್ಬಾಕಿ ಅದಾಳ, ನಾಗವ್ವ ಅಂತ. ಆಕಿ ಗುರ್ತು ಹಿಡಿದಳು. ಸರಿ ಐತಿ."

ಆ ಕಡೆ ಬರೆದುಕೊಳ್ಳುವ ಸದ್ದು. "ಸರಿ ಐತಿ," ಎಂದು ಸೆಲ್ವಿ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ, "ಬ್ಯಾರೆ ಏನರ ಬರೀಲೇನ್ರಿ?"

"ಏನೂ ಬ್ಯಾಡ. ಕೇಳಾಂವ ಇಲ್ಲಲ್ಲ," ಅಂದರು ರಾಚಪ್ಪನವರು.

ಇದೆಲ್ಲ ಆಗಿ ಕೆಲವು ವರ್ಷವಾಯಿತು. ಎರಡು ಬೇಸಿಗೆ ಕಳೆದ ಮೇಲೆ ನಾಗವ್ವ ತೀರಿಕೊಂಡಳು. ಆ ಸುದ್ದಿಯನ್ನು ರಾಚಪ್ಪನವರು ಗೋಡೆಗೆ ಹೇಳುವ ಹಾಗೆ ಹೇಳಿದರು. ಪ್ರತಿದಿನ ಮಧ್ಯಾಹ್ನ ಊಟವಾದ ಮೇಲೆ ಅವರು ಮೊದಲು ನನ್ನನ್ನು, ಆಮೇಲೆ ಕಂಪ್ಯೂಟರನ್ನು ಎಬ್ಬಿಸುತ್ತಿದ್ದರು. ಆ ನಾಲ್ಕು ನಿಮಿಷ ಕೇಳುತ್ತಿದ್ದರು. ತೆರೆ ನೋಡುವುದನ್ನು ಬಿಟ್ಟಿದ್ದರು. ಕಣ್ಣು ಮುಚ್ಚಿ, ಪಾಠ ಒಪ್ಪಿಸಬೇಕಾದ ಹುಡುಗನ ಹಾಗೆ ಕೂರುತ್ತಿದ್ದರು. ಮೊದಮೊದಲು ಅವರ ಪಾದ ಹಳೆಯ ಸಮನಾದ ಏಟನ್ನೇ ಹಾಕಲು ಹೋಗಿ ತಪ್ಪುತ್ತಿತ್ತು. ತಪ್ಪಿದಾಗ ನಿಲ್ಲಿಸಿ, ಕಾದು, ಮತ್ತೆ ಸೇರಿಕೊಳ್ಳುತ್ತಿದ್ದರು.

ಕಳೆದ ವರ್ಷ ಒಂದು ಮಧ್ಯಾಹ್ನ, ದೃಶ್ಯದ ನಡುವೆಯೇ ನನ್ನ ಎಚ್‌ಡಿಎಂಐ ಬಾಗಿಲು ಮುಚ್ಚಿಹೋಯಿತು. ಒಳಗಿನ ಯಾವುದೋ ಬಿಲ್ಲೆ ಬಿಸಿಯಾಗಿ ಬಿಸಿಯಾಗಿ ಸತ್ತಿತ್ತು. ಗಾಜಿನ ಅಕ್ಷರ ಆರಿತು, ಎಂಟೂ ಚೌಕ ಆರಿದವು. ಪೋತದಾರರು ಬಂದು ಮುಚ್ಚಳ ತೆಗೆದು ನೋಡಿದರು. "ಇದರ ಪಾರ್ಟ್ ಈಗ ಎಲ್ಲೂ ಸಿಗಂಗಿಲ್ರಿ ಸರ. ರೇಡಿಯೋ ಮಾತ್ರ ನಡೀತೈತಿ," ಅಂದರು. ಹೊಸದು ತರಲೇ ಎಂದು ಕೇಳಿದರು. ರಾಚಪ್ಪನವರು ಬೇಡವೆಂದು ಕೈಯಾಡಿಸಿದರು.

ಈಗ ನಾನು ಮೇಜಿನಿಂದ ಕೆಳಗಿಳಿದು ಕಪಾಟಿನ ಪಕ್ಕದ ಮೂಲೆಯಲ್ಲಿದ್ದೇನೆ. ಮೇಲೆ ಹಳೆಯ ಪಂಚಾಂಗಗಳಿವೆ. ಮಾಡಿದ ಕೆಲಸದ ಒಂದು ಏಟೂ ನನ್ನೊಳಗೆ ಉಳಿದಿಲ್ಲ. ನನ್ನಂಥವರ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ, ಹಾದುಹೋಗುತ್ತದೆ. ಒಬ್ಬರು ಕಟ್ಟಿಕೊಟ್ಟ ಗಂಟನ್ನು ಇನ್ನೊಬ್ಬರ ಹತ್ತಿರ ಬಿಚ್ಚಿಟ್ಟೆ. ಕಟ್ಟಿದವನನ್ನು ನಾನು ನೋಡಲಿಲ್ಲ. ಬಿಚ್ಚಿಸಿಕೊಂಡವರು ಅವನಿಗೆ ಏನನ್ನೂ ಮರಳಿ ಹೇಳಲಾಗಲಿಲ್ಲ. ಒಳಬರುವ ತಂತಿಯಲ್ಲಿ ಧ್ವನಿಯನ್ನು ಹಿಂದಕ್ಕೆ ಕಳಿಸುವ ದಾರಿ ಇರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ರಾಚಪ್ಪನವರು ಈಗಲೂ ಅದೇ ಕುರ್ಚಿಯಲ್ಲಿ ಬಂದು ಕೂರುತ್ತಾರೆ. ಕೋಣೆಯಲ್ಲಿ ಯಾವ ಸದ್ದೂ ಇಲ್ಲ. ಅವರು ಕಣ್ಣು ಮುಚ್ಚುತ್ತಾರೆ. ನೆಲದ ಮಟ್ಟದಲ್ಲಿರುವ ನನಗೆ ಕಾಣುವುದು ಅವರ ಪಾದಗಳಷ್ಟೇ. ಬಲಗಾಲು ನಿಧಾನಕ್ಕೆ ಇಳಿಯುತ್ತದೆ, ಎಡಗಾಲು ಗಡಬಡಿಸಿ ಎತ್ತಿಕೊಳ್ಳುತ್ತದೆ. ನಡುವೆ ಒಮ್ಮೆ ತಡೆಯುತ್ತಾರೆ, ಉಸಿರು ತೆಗೆದುಕೊಳ್ಳುತ್ತಾರೆ, ಮತ್ತೆ ಶುರುಮಾಡುತ್ತಾರೆ. ಈಗ ತಪ್ಪುವುದಿಲ್ಲ.